ಅಧ್ಯಾಪಿಕೆಯರ ಪರಿಸರಾಭ್ಯಾಸ

ಇಂಥ ಸಂಚಿಕೆಗಳಲ್ಲಿ ಮುಖ್ಯಾಧ್ಯಾಪಿಕೆಯರಾದವರು ಬರೆಯತಕ್ಕ ಲೇಖನವು ಪರೀಕ್ಷೆಗಳ ಫಲಿತಾಂಶ, ಹೊಸ ಕೊಠಡಿಗಳ ಅಳತೆ, ದಾನಿಗಳ ಉಪಕಾರಸ್ಮರಣೆ ಇವುಗಳಿಂದ ತುಂಬಿರುವದು ವಾಡಿಕೆ. ಅವೆಲ್ಲವೂ ಶಾಲೆಯ ವರದಿಯಲ್ಲಿ ಬೇರೆಯಾಗಿ ಬಂದಿರುವದರಿಂದ ನಾವು ಇಲ್ಲಿ ಮತ್ತೊಂದು ಸಂಗತಿಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆಂದಿರುವೆವು. ಬಾಲಿಕೆಯರು ಏನು ಕಲಿತರೆಂದು ಪಾಲಕರು ಕೇಳುವರು, ಮಿಶನ್ನಿನ ಹಿರಿಯರು ಕೇಳುವರು, ಶಿಕ್ಷಣ ಇಲಾಖೆಯ ಅಧಿಕಾರಿಗಳೂ ಕೇಳುವರು. ಆದರೆ ಕಲಿಸುವವರು ಈ ವರ್ಷ ಏನು ಕಲಿತರೆಂದು ಕೇಳುವವರು ವಿರಳ. ಟ್ರೇನಿಂಗ್ ಕಾಲೇಜಿನ ಬಾಗಿಲನ್ನು ದಾಟಿ ಬಂದ ದಿವಸವೇ ಅಧ್ಯಾಪಿಕೆಯ ವಿದ್ಯಾಭ್ಯಾಸವು ಮುಗಿಯಿತೆಂದು ಲೋಕವು ತಿಳಿದಂತಿದೆ. ಬೇರೆ ವಿಷಯಗಳಲ್ಲಿ ಈ ತಿಳುವಳಿಕೆಯಿಂದ ಆಗುವ ಹಾನಿಯು ಸ್ವಲ್ಪ ಕಾಲದ ವರೆಗೆ ಮರೆಯಾಗಿರಬಹುದು. ಪರಿಸರದ ಪಾಠದಲ್ಲಿ ಮಾತ್ರ ಅದು ಮೊದಲನೆಯ ವಾರದಲ್ಲಿಯೇ ಬಯಲಿಗೆ ಬೀಳುವದು. ಏಕೆಂದರೆ ಈ ವಿಷಯದ ಪಠ್ಯಪುಸ್ತಕವು ಕಿಟಕಿಯ ಹೊರಗೇ ಇರುವದು, ಮತ್ತು ಅದನ್ನು ಹುಡುಗಿಯರು ನಮಗಿಂತ ಮೊದಲೇ ಓದಿರುವರು.

ಪರಿಸರ ಶಿಕ್ಷಣವು ನಮ್ಮ ಶಾಲೆಗಳಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆವು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಕೂಡಿದ ರಾಷ್ಟ್ರಗಳು ಈ ಮಾತನ್ನು ಎತ್ತಿದವು; 1977ರಲ್ಲಿ ತ್ಬಿಲಿಸಿ ಪಟ್ಟಣದ ಸಮ್ಮೇಲನವು ಅದಕ್ಕೆ ಒಂದು ರೂಪವನ್ನು ಕೊಟ್ಟು, ಅಧ್ಯಾಪಕರಿಗೆ ಈ ವಿಷಯದಲ್ಲಿ ತರಬೇತಿಯಾಗದ ಹೊರತು ಕಾರ್ಯವು ಸಾಗದೆಂದು ಒತ್ತಿ ಹೇಳಿತು. ನಮ್ಮ ದೇಶದಲ್ಲಿ 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರವು ಸ್ಥಾಪಿತವಾಯಿತು. 1991ರ ನವೆಂಬರಿನಲ್ಲಿ ಎಂ. ಸಿ. ಮೆಹತಾ ಎಂಬ ನ್ಯಾಯವಾದಿಗಳು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಎಲ್ಲ ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಅಪ್ಪಣೆ ಮಾಡಿತು. 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆಯೆಂಬ ಹೆಸರಿನಿಂದ ಶಾಲೆಗಳಲ್ಲಿ ಪರಿಸರ ಸಂಘಗಳು ಹುಟ್ಟಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಅಧ್ಯಾಪಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ಸ್ವಂತ ವೃತ್ತಿಯ ಅಭ್ಯಾಸಕ್ಕಾಗಿ ಕಳೆಯಬೇಕೆಂದು ಅಪೇಕ್ಷಿಸಿದೆ. ಕಾಗದದ ಮೇಲೆ ಇವೆಲ್ಲವೂ ಬಹು ಚೆನ್ನಾಗಿವೆ. ಆ 50 ಗಂಟೆಗಳು ಎಲ್ಲಿ ಕಳೆಯುವವೆಂಬದೇ ನಮ್ಮ ಪ್ರಶ್ನೆ.

ಒಂದು ತರಬೇತಿಯ ನೆನಪು ನಮಗೆ ಸ್ಪಷ್ಟವಾಗಿದೆ. ಜನೆವರಿ ತಿಂಗಳು, ಕಬ್ಬಿನ ಕಟಾವಿನ ಕಾಲ. ಸಭಾಗೃಹದ ಪರದೆಗಳನ್ನೆಲ್ಲ ಇಳಿಬಿಟ್ಟು ಕತ್ತಲೆ ಮಾಡಿ, ಗೋಡೆಯ ಮೇಲೆ ಉತ್ತರ ಧ್ರುವದ ಹಿಮವು ಕರಗುವ ಚಿತ್ರಗಳನ್ನು ತೋರಿಸುತ್ತಿದ್ದರು. ಉಪನ್ಯಾಸಕರು ವಿದ್ವಾಂಸರು, ಹೇಳಿದ ಮಾತುಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪರದೆಯ ಸಂದಿನಿಂದ ಹೊಗೆಯ ವಾಸನೆಯು ಒಳಗೆ ಬರುತ್ತಿದ್ದಿತು. ಪಕ್ಕದ ಹೊಲದಲ್ಲಿ ಕಬ್ಬಿನ ರವದಿಗೆ ಬೆಂಕಿಯಿಟ್ಟಿದ್ದರು. ನಾವು ನಾಲ್ವತ್ತು ಜನ ಅಧ್ಯಾಪಕರು ಹೊಗೆಗೆ ಕೆಮ್ಮುತ್ತ ಹಿಮದ ಕರಡಿಯ ಮೇಲೆ ಮರುಕಪಟ್ಟು, ಚಹ ಕುಡಿದು, ಪ್ರಮಾಣಪತ್ರವನ್ನು ತೆಗೆದುಕೊಂಡು ಊರಿಗೆ ಮರಳಿದೆವು. ರವದಿಯ ಮಾತನ್ನು ಯಾರೂ ಎತ್ತಲಿಲ್ಲ. ಅದು ಕಾರ್ಯಕ್ರಮದ ಪಟ್ಟಿಯಲ್ಲಿ ಇದ್ದಿಲ್ಲ.

ಆ ಮೇಲೆ ನಾವು ನಮ್ಮ ಅಧ್ಯಾಪಿಕೆಯರ ಸಂಗಡ ಆಲೋಚಿಸಿ, ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆಯು ಬಿಟ್ಟ ಮೇಲೆ, ಒಂದು ಅಭ್ಯಾಸಕೂಟವನ್ನು ನಡಿಸುವದೆಂದು ನಿಶ್ಚಯಿಸಿದೆವು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಬೇರೆ ಶಾಲೆಗಳ ಅಧ್ಯಾಪಿಕೆಯರನ್ನೂ ಕರೆದೆವು. ಬಂದವರಲ್ಲಿ ಕ್ರೈಸ್ತರು, ಲಿಂಗವಂತರು, ಜೈನರು, ಮುಸಲ್ಮಾನರು ಎಲ್ಲರೂ ಇದ್ದರು. ಕಟ್ಟಳೆಗಳು ಎರಡೇ: ಉಪನ್ಯಾಸ ಮಾಡಕೂಡದು, ತನಗೆ ಉತ್ತರ ತಿಳಿಯದ ಒಂದು ಪ್ರಶ್ನೆಯನ್ನು ಪ್ರತಿಯೊಬ್ಬಳೂ ತರಬೇಕು. ಬುತ್ತಿಯನ್ನು ತರಬೇಕೆಂಬದು ಹೇಳದೆಯೇ ನಡೆದ ಕಟ್ಟಳೆ. ಅಧ್ಯಾಪಿಕೆಯು ಹೆಂಗಸಾಗಿರುವಲ್ಲಿ ಅಭ್ಯಾಸಕ್ಕೆ ಮತ್ತೊಂದು ಮಿತಿಯುಂಟೆಂಬದನ್ನು ಗಂಡಸರಾದ ಯೋಜಕರು ಮರೆಯುವರು. ಕತ್ತಲಾಗುವದಕ್ಕೆ ಮೊದಲು ಬಸ್ಸು ಸಿಕ್ಕಬೇಕು. ಮನೆಯಲ್ಲಿ ಅತ್ತೆಯವರ ಮುಖವು ನೆಟ್ಟಗಿರಬೇಕು. ಆದುದರಿಂದ ನಮ್ಮ ಕೂಟವು ಐದು ಗಂಟೆಗೆ ಸರಿಯಾಗಿ ಮುಗಿಯುವದು, ಮಾತು ಎಷ್ಟೇ ರಸವತ್ತಾಗಿದ್ದರೂ.

ಈ ಸೀಮೆಯನ್ನು ಕಾಣದವರಿಗಾಗಿ ಒಂದು ಮಾತು. ಇಲ್ಲಿ ಮಳೆಯು ವರ್ಷಕ್ಕೆ 600 ಮಿಲಿಮೀಟರು ಮುಟ್ಟುವದು ಕಷ್ಟ. ಆದರೆ ಕೃಷ್ಣೆಯು ಹುಟ್ಟುವ ಮಹಾಬಳೇಶ್ವರದಲ್ಲಿ 5000 ಮಿಲಿಮೀಟರಿಗೂ ಮಿಕ್ಕಿ ಸುರಿಯುವದು. ಆದುದರಿಂದ ನಮ್ಮಲ್ಲಿ ಆಕಾಶವು ಬೆಳ್ಳಗಿರುವಾಗಲೂ ಹೊಳೆಯು ಏರುವದುಂಟು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಹೀಗೆಯೇ ಏರಿ ಊರುಗಳನ್ನು ಹೊಕ್ಕವು. ಅನೇಕ ಶಾಲೆಗಳು ಕಾಳಜಿ ಕೇಂದ್ರಗಳಾದವು. ಮುಧೋಳದ ಕಡೆಯ ಒಬ್ಬ ಭೂಗೋಲದ ಅಧ್ಯಾಪಿಕೆಯವರು ನೀರು ಇಳಿದ ಮೇಲೆ ಗೋಡೆಗೆ ಅಂಟಿದ ಕೆಸರಿನ ಗೆರೆಯನ್ನು ಹುಡುಗಿಯರಿಂದ ಅಳೆಯಿಸಿ, ಓಣಿಯಿಂದ ಓಣಿಗೆ ಆ ಗೆರೆಯು ಎಷ್ಟು ತಗ್ಗಿತೆಂಬದನ್ನು ಬರೆಯಿಸಿದರು. ಸಮೋನ್ನತಿ ರೇಖೆಯೆಂಬದನ್ನು ಆ ಹುಡುಗಿಯರಿಗೆ ಪುನಃ ವಿವರಿಸಬೇಕಾಗಲಿಲ್ಲವಂತೆ. ಅವರು ಆ ವಹಿಯನ್ನು ನಮ್ಮ ಕೂಟದಲ್ಲಿ ತೋರಿಸಿದಾಗ, ಸುಮ್ಮನೆ ಕುಳಿತಿದ್ದ ಗಣಿತದ ಅಧ್ಯಾಪಿಕೆಯವರು ಎದ್ದು ಅದನ್ನು ಕೈಗೆ ತೆಗೆದುಕೊಂಡು ಅರ್ಧ ತಾಸು ಬಿಡಲಿಲ್ಲ.

ಜಮಖಂಡಿಯ ಪ್ರಶ್ನೆಯು ನೀರಿನದೇ, ಆದರೆ ಮತ್ತೊಂದು ಬಗೆಯದು. ಇಲ್ಲಿಯ ರೈತರು ಸರಕಾರದ ದಾರಿಯನ್ನು ಕಾಯದೆ, ತಮ್ಮ ಹಣ, ತಮ್ಮ ದುಡಿಮೆಗಳಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ 1989ರಲ್ಲಿ ಒಡ್ಡು ಕಟ್ಟಿದ ಕಥೆಯನ್ನು ನಾಡೆಲ್ಲ ಬಲ್ಲದು. ದಿವಂಗತ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಆದ ಆ ಕಾರ್ಯಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಎಷ್ಟೂ ಒಪ್ಪುವದು. ಬರಗಾಲದ ಹೊಲಗಳು ಕಬ್ಬಿನ ಹೊಲಗಳಾದವು. ನಮ್ಮ ಶಾಲೆಯ ಎಷ್ಟೋ ಹುಡುಗಿಯರ ಫೀಯು ಆ ನೀರಿನಿಂದಲೇ ಬಂದುದು. ಆದರೂ ಹೊಳೆಸಾಲಿನ ಕೆಲವು ಎರೆ ಹೊಲಗಳ ಮೇಲೆ ಈಗ ಉಪ್ಪು ಚೆಲ್ಲಿದಂತೆ ಬಿಳಿಯ ಪದರು ಕಾಣುವದು. ರೈತರು ಇದನ್ನು ಸವಳು ಎನ್ನುವರು. ನಮ್ಮ ವಿಜ್ಞಾನದ ಅಧ್ಯಾಪಿಕೆಯವರು ಕೂಟದಲ್ಲಿ ಒಂದು ತಾಟಿನಲ್ಲಿ ಉಪ್ಪುನೀರನ್ನು ಹಾಕಿ ಅದರಲ್ಲಿ ಒಂದು ಹಳೆಯ ಇಟ್ಟಿಗೆಯನ್ನು ನಿಲ್ಲಿಸಿದರು. ಮುಂದಿನ ತಿಂಗಳಿಗೆ ಇಟ್ಟಿಗೆಯ ನೆತ್ತಿಯು ಬೆಳ್ಳಗಾಗಿದ್ದಿತು. ಅತಿಯಾಗಿ ಹಾಯಿಸಿದ ನೀರು ನೆಲದೊಳಗಿನ ನೀರಿನ ಮಟ್ಟವನ್ನು ಏರಿಸುವದು, ಅದು ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲಕ್ಕೆ ಹತ್ತಿ ಬಂದು ಬಿಸಿಲಿಗೆ ಆರುವದು, ಉಪ್ಪು ಮಾತ್ರ ಉಳಿಯುವದು. ಒಬ್ಬ ಒಕ್ಕಲಗಿತ್ತಿಯನ್ನು ನಾವು ಕರೆಸಿದ್ದೆವು. ಆಕೆಯು ಇಟ್ಟಿಗೆಯನ್ನು ನೋಡಿ, ಬಸಿಗಾಲುವೆಯನ್ನು ತೆಗೆದ ತನ್ನ ದಾಯಾದಿಯ ಹೊಲವು ಎರಡು ವರ್ಷಗಳಲ್ಲಿ ಹೇಗೆ ತಿರುಗಿತೆಂಬದನ್ನೂ, ರವದಿಯನ್ನು ಸುಡದೆ ಸಾಲುಗಳ ನಡುವೆ ಹಾಸಿದರೆ ಎಷ್ಟು ಸರತಿಯ ನೀರು ಉಳಿಯುವದೆಂಬದನ್ನೂ ಹೇಳಿದಳು. ಆ ಮಧ್ಯಾಹ್ನ ಅಧ್ಯಾಪಿಕೆಯ ಕುರ್ಚಿಯಲ್ಲಿ ಕುಳಿತವಳು ಆಕೆಯೇ.

ಬನಹಟ್ಟಿಯ ಸಂಗತಿಯು ಇಷ್ಟು ಸರಾಗವಾಗಿ ನಡೆಯಲಿಲ್ಲ. ರಬಕವಿ-ಬನಹಟ್ಟಿಗಳು ನೇಕಾರರ ಊರುಗಳು. ಓಣಿಯಲ್ಲಿ ಹೆಜ್ಜೆಯಿಟ್ಟರೆ ಮಗ್ಗದ ಸಪ್ಪಳವು ಕಿವಿಯನ್ನು ತುಂಬುವದು. ಅಲ್ಲಿಯ ಒಬ್ಬ ಅಧ್ಯಾಪಿಕೆಯವರು ತಮ್ಮ ವರ್ಗದ ಕೆಲವು ಹುಡುಗಿಯರು ಗಟ್ಟಿಯಾಗಿ ಮಾತನಾಡುವದನ್ನೂ, ಮೆಲ್ಲಗೆ ಹೇಳಿದ ಮಾತನ್ನು ಎರಡನೆಯ ಸಲ ಕೇಳುವದನ್ನೂ ಗಮನಿಸಿ, ಅವರ ಮನೆಗಳಿಗೆ ಹೋಗಿ ನೋಡಿದರು. ಎಲ್ಲರದೂ ವಿದ್ಯುತ್ ಮಗ್ಗದ ಮನೆಗಳೇ. ಮಲಗುವದು, ಓದುವದು, ಉಣ್ಣುವದು ಎಲ್ಲವೂ ಆ ಸಪ್ಪಳದಲ್ಲಿಯೇ. ಅವರನ್ನು ಮುಂದಿನ ಬೆಂಚಿಗೆ ತಂದು ಕೂಡ್ರಿಸಿದ್ದು ಸಣ್ಣ ಕೆಲಸವೆಂದು ಕೆಲವರು ಎಣಿಸಬಹುದು. ಪರಿಸರ ಶಿಕ್ಷಣವೆಂಬದು ಅಧ್ಯಾಪಿಕೆಯ ಕಣ್ಣಿನಲ್ಲಿ ಮೊದಲು ಆಗುವ ಬದಲಾವಣೆಯೆಂಬದಕ್ಕೆ ನಾವು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕಂಡಿಲ್ಲ.

ಬಣ್ಣದ ನೀರಿನ ಮಾತು ಬಂದಾಗ ತೊಡಕು ಹುಟ್ಟಿತು. ಅದೇ ಅಧ್ಯಾಪಿಕೆಯವರ ಪ್ರಶ್ನೆಯು ಹೀಗಿದ್ದಿತು: ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿದ ನೀರು ಎಲ್ಲಿಗೆ ಹೋಗುವದು? ಪ್ರಶ್ನೆಯು ಸಾದಾ. ಹುಡುಗಿಯರನ್ನು ಕರೆದುಕೊಂಡು ಗಟಾರದ ಗುಂಟ ನಡೆದು ನೋಡುವದೆಂದು ಅವರು ಯೋಚಿಸಿದರು. ಸುದ್ದಿಯು ಓಣಿಯನ್ನು ಮುಟ್ಟಿತು. ಮರುದಿನ ಒಬ್ಬ ಹುಡುಗಿಯ ತಾಯಿಯು ಶಾಲೆಗೆ ಬಂದು ಬಾಗಿಲಲ್ಲಿಯೇ ನಿಂತು, “ಅಕ್ಕೋರ, ನಮ್ಮ ಹೊಟ್ಟಿ ಮ್ಯಾಲ ಪಾಠಾ ಮಾಡಬ್ಯಾಡ್ರಿ” ಎಂದಳಂತೆ. ಅವಳ ಗಂಡನು ಬಣ್ಣದ ಮನೆಯಲ್ಲಿ ಕೂಲಿಗೆ ಹೋಗುವನು. ನೇಕಾರಿಕೆಯ ಸಂಕಟಗಳು ಎಲ್ಲರಿಗೂ ತಿಳಿದವೇ; ನೂಲಿನ ಬೆಲೆ ಏರುವದು, ಸೀರೆಯ ಬೆಲೆ ಏರದು. ಇಂಥ ಮನೆಯ ಹುಡುಗಿಯ ಕೈಯಲ್ಲಿ ವಹಿ ಕೊಟ್ಟು ತಂದೆಯ ದುಡಿಮೆಯ ದೋಷವನ್ನು ಬರೆಯೆಂದು ಹೇಳುವದು ಯಾವ ನ್ಯಾಯ? ಅಧ್ಯಾಪಿಕೆಯವರು ಕೂಟಕ್ಕೆ ಬಂದು ಈ ಮಾತನ್ನು ಇಟ್ಟಾಗ ಅವರ ದನಿಯು ನಡುಗುತ್ತಿದ್ದಿತು. ಅವರ ತೌರುಮನೆಯೂ ನೇಕಾರರದೇ.

ಆ ದಿವಸದ ಚರ್ಚೆಯು ನಮ್ಮ ಕೂಟದ ಇತಿಹಾಸದಲ್ಲಿ ಅತ್ಯಂತ ಬಿಸಿಯಾದದ್ದು. ಒಬ್ಬರು ಪಾಠವನ್ನೇ ಬಿಡಬೇಕೆಂದರು. ಮತ್ತೊಬ್ಬರು, ಸತ್ಯವನ್ನು ಹೇಳಲಾರದ ಶಾಲೆಗೆ ಗಂಟೆ ಯಾಕೆ ಎಂದು ಕೇಳಿದರು. ನಮ್ಮ ಅಭಿಪ್ರಾಯವನ್ನು ಕೇಳಿದಾಗ ನಾವು ಹೇಳಿದ್ದು ಇಷ್ಟೇ: ಗಟಾರದಿಂದ ಆರಂಭಿಸಿದರೆ ತಂದೆಯು ಅಪರಾಧಿಯಾಗಿ ಕಾಣುವನು, ನೂಲಿನಿಂದ ಆರಂಭಿಸಿದರೆ ಕುಶಲಕರ್ಮಿಯಾಗಿ ಕಾಣುವನು, ನೀರಿನ ಪ್ರಶ್ನೆಯು ಎರಡೂ ದಾರಿಗಳ ಕೊನೆಗೆ ಇದ್ದೇ ಇರುವದು. ಹಾಗೆಯೇ ಆಯಿತು. ಅಧ್ಯಾಪಿಕೆಯರು ಮೊದಲು ತಾವೇ ಹೋಗಿ ವಯಸ್ಸಾದ ಒಬ್ಬ ಬಣ್ಣಗಾರರ ಕೈಕೆಳಗೆ ಎರಡು ಮಧ್ಯಾಹ್ನ ಕುಳಿತರು. ಒಂದು ಕಾಲಕ್ಕೆ ನೀಲಿ ಗಿಡದ ಎಲೆಯಿಂದಲೂ ಮಡ್ಡಿ ಗಿಡದ ಬೇರಿನಿಂದಲೂ ಬಣ್ಣ ತೆಗೆಯುತ್ತಿದ್ದುದು. 1856ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ತರುಣನು ಡಾಂಬರಿನ ವಸ್ತುವಿನಿಂದ ಮೊದಲನೆಯ ಕೃತಕ ಬಣ್ಣವನ್ನು ಪಡೆದುದು. ಈಗಿನ ಬಣ್ಣಗಳು ಹತ್ತಿಗೆ ಹಿಡಿಯಬೇಕಾದರೆ ಉಪ್ಪು, ಸೋಡಾ, ಕಾಸ್ಟಿಕ್ ಮುಂತಾದವು ಬೇಕಾಗುವದು. ನೂಲು ಹೀರದೆ ಬಿಟ್ಟದ್ದೆಲ್ಲ ನೀರಿನ ಸಂಗಡ ಹೋಗುವದು. ಇವೆಲ್ಲವನ್ನೂ ಅವರು ಕಲಿತರು. ಹೋಗುವ ನೀರಿಗೆ ಏನು ಮಾಡುವಿರಿ ಎಂದು ಕೇಳುವದಕ್ಕೆ ಇವರಿಗೆ ಧೈರ್ಯವಾಗಲಿಲ್ಲ. ಮುದುಕರು ತಾವೇ ಆ ಮಾತನ್ನು ತೆಗೆದರು. ತಮ್ಮ ಓಣಿಯ ಬಾವಿಯ ನೀರನ್ನು ತಾವು ಕುಡಿಯುವದನ್ನು ಎಂದು ಬಿಟ್ಟರೆಂಬದನ್ನು ಹೇಳಿ, ಒಬ್ಬೊಬ್ಬ ಬಣ್ಣಗಾರನಿಂದ ಆಗದ ಕೆಲಸವು ಎಲ್ಲರೂ ಕೂಡಿ ಒಂದೇ ಶುದ್ಧೀಕರಣದ ತೊಟ್ಟಿಯನ್ನು ಮಾಡಿದರೆ ಆದೀತೆಂದು ಲೆಕ್ಕ ಹಾಕಿ ತೋರಿಸಿದರು. ಬಾಗಿಲಲ್ಲಿ ನಿಂತು ಹೋಗಿದ್ದ ತಾಯಿಯು ಮುಂದೆ ಒಂದು ದಿನ ತನ್ನ ಮಗಳ ಸಂಗಡ ಆ ಪಾಠಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು. ಏನೂ ಮಾತನಾಡಲಿಲ್ಲ. ಅವಳು ಒಪ್ಪಿದಳೆಂದು ನಾವು ಬರೆಯುವದಿಲ್ಲ. ಬಂದಳೆಂದು ಮಾತ್ರ ಬರೆಯುವೆವು.

ಯಡಹಳ್ಳಿಯ ವಿಷಯವನ್ನು ಬೇಗನೆ ಹೇಳಿ ಮುಗಿಸುವೆವು, ಆದರೆ ಬಿಡಲಾರೆವು. ಜೂನ್ 5ನೆಯ ತಾರೀಖಿನ ದಿವಸ ಸಸಿ ನೆಡುವದೇ ಪರಿಸರ ಶಿಕ್ಷಣವೆಂದು ಬಹು ಶಾಲೆಗಳ ತಿಳುವಳಿಕೆ. ಒಂದೇ ಕುಣಿಯಲ್ಲಿ ಪ್ರತಿ ವರ್ಷ ಹೊಸ ಸಸಿಯನ್ನು ನೆಟ್ಟು ಫೋಟೋ ತೆಗೆಯಿಸಿಕೊಳ್ಳುವ ಶಾಲೆಗಳೂ ಉಂಟು, ಕುಣಿಗೆ ಅಭ್ಯಾಸವಾಗಿಬಿಟ್ಟಿದೆ! ಬೀಳಗಿ, ಮುಧೋಳ ತಾಲೂಕುಗಳ ಕುರುಚಲು ಗುಡ್ಡಗಳಲ್ಲಿ ಸುಮಾರು 96 ಚದರ ಕಿಲೋಮೀಟರು ನೆಲವನ್ನು 2016ರಲ್ಲಿ ಚಿಂಕಾರಗಳಿಗಾಗಿ ಅಭಯಾರಣ್ಯವೆಂದು ಸಾರಿದರು. ನಮ್ಮ ಅಧ್ಯಾಪಿಕೆಯರು ಅಲ್ಲಿಗೆ ಹೋದಾಗ ಮೊದಲು ಹೊರಟ ಮಾತು, “ಇಲ್ಲಿ ಗಿಡಗಳೇ ಇಲ್ಲವಲ್ಲ, ಇದೆಂಥ ಅರಣ್ಯ?” ಎಂಬದು. ಚಿಂಕಾರವು ದಟ್ಟವಾದ ಕಾಡನ್ನು ಬಯಸದು. ಬಯಲು, ಮುಳ್ಳುಕಂಟಿ, ಹುಲ್ಲು ಇವೇ ಅದರ ಮನೆ. ಎಲೆಗಳ ರಸ, ಇಬ್ಬನಿಗಳಿಂದಲೇ ಅದು ನೀರಿಲ್ಲದೆ ಬಹು ಕಾಲ ಬದುಕಬಲ್ಲದು. ತೋಳ, ಕತ್ತೆಕಿರುಬಗಳಿಗೂ ಅದೇ ನೆಲೆ. ಸರಕಾರಿ ದಪ್ತರಗಳಲ್ಲಿ ಪಡಾ ಬಿದ್ದ ಭೂಮಿಯೆಂದು ಬರೆದದ್ದು ಹಾಗಲ್ಲವೆಂದು ತಿಳಿಯುವದಕ್ಕೆ ಒಂದು ಬೆಳಗು ಸಾಕಾಯಿತು. ಅಂದು ಅವರು ಕಂಡ ಚಿಂಕಾರ ಒಂದೇ, ಅದೂ ಓಡುವಾಗಿನ ಬಾಲ ಮಾತ್ರ.

ಬೀಳಗಿಯ ಒಬ್ಬ ಅಧ್ಯಾಪಿಕೆಯವರು ಕೂಟದಲ್ಲಿ ಬಹು ತಿಂಗಳು ಮಾತನಾಡಲಿಲ್ಲ. ಪ್ರಶ್ನೆಯನ್ನು ತರಬೇಕೆಂಬ ಕಟ್ಟಳೆಯನ್ನೂ ಅವರು ನಡಿಸಲಿಲ್ಲ, ನಾವು ಒತ್ತಾಯಪಡಿಸಲಿಲ್ಲ. ಒಂದು ಶನಿವಾರ ಅವರು ತಾಲೂಕಿನ ಹೊಸ ನಕ್ಷೆಯೊಂದನ್ನು ತಂದು ಮೇಜಿನ ಮೇಲೆ ಹರಡಿ, ನೀಲಿ ಬಣ್ಣದ ಒಂದು ಸ್ಥಳದ ಮೇಲೆ ಬೆರಳನ್ನಿಟ್ಟು, “ಇದು ನಾನು ಹುಟ್ಟಿದ ಮನೆ” ಎಂದರು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಅವರ ಪ್ರಶ್ನೆಯು ಹೀಗಿದ್ದಿತು: ಪುನರ್ವಸತಿ ಕೇಂದ್ರದಲ್ಲಿ ಹುಟ್ಟಿದ ಹುಡುಗಿಯರಿಗೆ ನಿಮ್ಮ ಊರಿನ ಪರಿಸರವನ್ನು ಬರೆಯಿರಿ ಎಂದು ಪುಸ್ತಕವು ಹೇಳುವದು, ಅವರು ಯಾವ ಊರನ್ನು ಬರೆಯಬೇಕು?

ಇದಕ್ಕೆ ಯಾರ ಬಳಿಯಲ್ಲಿಯೂ ಉತ್ತರವಿರಲಿಲ್ಲ. ಆಲಮಟ್ಟಿಯ ಮಟ್ಟವು 519.60 ಮೀಟರಿಗಿಂತ ಏರಕೂಡದೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. 2010ರಲ್ಲಿ ನ್ಯಾಯಾಧಿಕರಣವು 524.256 ಮೀಟರಿಗೆ ಒಪ್ಪಿತು. ಪತ್ರಿಕೆಯಲ್ಲಿ ಇವು ಬರಿಯ ಅಂಕಿಗಳು. ನಕ್ಷೆಯ ಮೇಲೆ ಆ ನಾಲ್ಕೂವರೆ ಮೀಟರಿನ ಅಂತರವು ಯಾರ ಯಾರ ಅಂಗಳವನ್ನು ಮುಟ್ಟುವದೆಂಬದನ್ನು ನಮ್ಮ ಅಧ್ಯಾಪಿಕೆಯರು ಅಂದು ಪೆನ್ಸಿಲಿನಿಂದ ಗುರುತು ಮಾಡಿದರು. ಕೆಳಗಿನ ಜಿಲ್ಲೆಗಳ ಒಣ ಹೊಲಗಳಿಗೆ ಆ ನೀರು ಎಷ್ಟು ಬೇಕಾದುದೆಂಬದನ್ನೂ ಅದೇ ಕೂಟದಲ್ಲಿ ಮಾತನಾಡಿದೆವು. ಎರಡೂ ನಿಜವಾಗಿರುವಾಗ ಅಧ್ಯಾಪಿಕೆಯು ಒಂದನ್ನೇ ಕಲಿಸುವದು ಸುಲಭ. ಆ ಸುಲಭಕ್ಕೆ ನಾವು ಒಪ್ಪಲಿಲ್ಲ.

ಕಡೆಗೆ ಅವರು ಮಾಡಿದ್ದು ಇದು. ಕೇಂದ್ರದಲ್ಲಿರುವ ಮುದುಕಿಯರ ಬಳಿಗೆ ಹುಡುಗಿಯರನ್ನು ಕರೆದುಕೊಂಡು ಹೋಗಿ, ಮುಳುಗಿದ ಊರಿನ ಹೊಲ, ಗಿಡ, ಸೊಪ್ಪುಗಳ ಹೆಸರುಗಳನ್ನು ಬರೆಯಿಸಿದರು. ಹಕ್ಕರಿಕೆ, ಕಿರಕಸಾಲಿ, ಗೋಳಿ ಪಲ್ಯ, ಎರೆ, ಮಸಾರಿ, ಅಕ್ಕಡಿ ಸಾಲಿನಲ್ಲಿ ಏನೇನು ಬಿತ್ತುತ್ತಿದ್ದರೆಂಬ ವಿವರ, ಯಾವ ಮಳೆಗೆ ಯಾವ ಬಿತ್ತಿಗೆ. ಒಬ್ಬ ಮುದುಕಿಯು ತನ್ನ ಹಿತ್ತಿಲಿನಲ್ಲಿ ಬೆಳೆಯುತ್ತಿದ್ದ ಒಂದು ಬಳ್ಳಿಯ ಹೆಸರನ್ನು ನೆನೆಯಲಾರದೆ ಕಣ್ಣೀರು ತಂದಳಂತೆ; ಮೂರು ದಿವಸಗಳ ಮೇಲೆ ಮೊಮ್ಮಗಳ ಕೈಯಲ್ಲಿ ಹೆಸರನ್ನು ಬರೆದು ಕಳುಹಿಸಿದಳು. ಹೆಸರುಗಳನ್ನು ಸರಿಯಾಗಿ ಗುರುತಿಸುವದಕ್ಕೆ ನಮ್ಮ ಗ್ರಂಥಾಲಯದಲ್ಲಿರುವ ಕಿಟ್ಟೆಲರ ನಿಘಂಟು ಬಹಳ ನೆರವಾಯಿತು. 1894ರಲ್ಲಿ ಪ್ರಕಟವಾದ ಆ ಮಹಾಗ್ರಂಥದಲ್ಲಿ ಬಾಸೆಲ್ ಮಿಶನ್ನಿನ ಆ ಪಂಡಿತರು ಎಷ್ಟೊಂದು ಗಿಡಮೂಲಿಕೆಗಳ ಹೆಸರುಗಳನ್ನು ಶಾಸ್ತ್ರೀಯ ನಾಮಗಳ ಸಹಿತ ಕೂಡಿಹಾಕಿರುವರೆಂಬದನ್ನು ನಮ್ಮ ಅಧ್ಯಾಪಿಕೆಯರು ಆಗ ಕಂಡು ಬೆರಗಾದರು. ಸೊಲೊಮೋನ ಅರಸನು ದೇವದಾರು ಮರದಿಂದ ಹಿಡಿದು ಗೋಡೆಯ ಸಂದಿನ ಸಣ್ಣ ಗಿಡದ ವರೆಗೆ ಎಲ್ಲವನ್ನೂ ಬಲ್ಲವನಾಗಿದ್ದನೆಂದು ವೇದಪಾಠದಲ್ಲಿ ಕಲಿಸುವೆವು. ಅಂಥ ಬಲ್ಲತನಕ್ಕೆ ನಮ್ಮ ಹಳ್ಳಿಯ ಮುದುಕಿಯರೂ ದೂರದವರಲ್ಲ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕವನ್ನು ಅಧ್ಯಾಪಿಕೆಯರಲ್ಲಿ ಸುತ್ತಿಗೆ ಹಾಕಿದ್ದೇವೆ. ಸಸ್ಯಶಾಸ್ತ್ರವನ್ನು ನಗುನಗುತ್ತ ಹೇಳಬಹುದೆಂದು ತಿಳಿಯದವರು ಅದನ್ನು ಓದಬೇಕು.

ಈ ಕೂಟದಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶಕ್ಕೆ ಏನು ಲಾಭವೆಂದು ಒಬ್ಬ ಹಿತಚಿಂತಕರು ನಮ್ಮನ್ನು ಕೇಳಿದರು. ಅದನ್ನು ನಾವು ಅಳೆದಿಲ್ಲ. ಅಳೆಯಬಲ್ಲದ್ದನ್ನು ಹೇಳುವೆವು: ಆರಂಭದಲ್ಲಿ ಬಂದವರು ಒಂಬತ್ತು ಜನ, ಈಗ ಬರುವವರು ಮೂವತ್ತೊಂದು ಜನ. ಬಸ್ಸಿನ ಖರ್ಚನ್ನು ಯಾರೂ ಕೊಡುವದಿಲ್ಲ, ಪ್ರಮಾಣಪತ್ರವೂ ಇಲ್ಲ. 50 ಗಂಟೆಗಳ ಲೆಕ್ಕದಲ್ಲಿ ಈ ಶನಿವಾರಗಳನ್ನು ಹಿಡಿಯಬೇಕೆಂದು ನಾವು ಇಲಾಖೆಗೆ ಬರೆದುಕೊಂಡಿರುವೆವು. ಉತ್ತರವು ಇನ್ನೂ ಬರಬೇಕಾಗಿದೆ. ಮನೆಗೆಲಸ, ಕಾಗದಪತ್ರಗಳ ಹೊರೆ, ತಿದ್ದಬೇಕಾದ ವಹಿಗಳ ರಾಶಿ ಇವೆಲ್ಲವುಗಳ ನಡುವೆ ಒಬ್ಬ ಅಧ್ಯಾಪಿಕೆಯು ತನಗೆ ಉತ್ತರ ತಿಳಿಯದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಮುಧೋಳದ ಬಸ್ಸಿನಿಂದ ಇಳಿಯುವದನ್ನು ಕಂಡಾಗ ನಮಗೆ ಆಗುವ ಸಂತೋಷವನ್ನು ಯಾವ ಕೋಷ್ಟಕದಲ್ಲಿಯೂ ತೋರಿಸುವಂತಿಲ್ಲ.

ನಾಲ್ಕು ತಾಲೂಕುಗಳ ವಹಿಗಳು ನಮ್ಮ ಅಧ್ಯಾಪಿಕೆಯರ ಕೋಣೆಯ ಎರಡನೆಯ ಕಪಾಟಿನಲ್ಲಿವೆ. ಯಾವ ಶಾಲೆಯವರಾದರೂ ಬಂದು ನೋಡಬಹುದು, ನಕಲು ಮಾಡಿಕೊಳ್ಳಬಹುದು. ಬರುವ ತಿಂಗಳ ಶನಿವಾರ ಬನಹಟ್ಟಿಯ ಬಣ್ಣಗಾರ ಮುದುಕರು ನಮ್ಮಲ್ಲಿಗೆ ಬರುವದಕ್ಕೆ ಒಪ್ಪಿರುವರು; ತಮ್ಮ ಸಂಗಡ ಬಾವಿಯ ನೀರನ್ನು ಒಂದು ಶೀಶೆಯಲ್ಲಿ ತರುವದಾಗಿ ಹೇಳಿ ಕಳುಹಿಸಿದ್ದಾರೆ. ಕೂಟವು ಮಧ್ಯಾಹ್ನ ಒಂದೂವರೆ ಗಂಟೆಗೆ ಆರಂಭವಾಗುವದು. ಬುತ್ತಿಯನ್ನು ತರಬೇಕು.